ಕೋಳಿಗೆ ಮದ್ದು ಕೊಡುವ ಮೊದಲು

ಬೀಡಿ ಕಟ್ಟುತ್ತಾ ರೇಡಿಯೋ ಕೇಳುತ್ತಿರುವವರಿಗೆ, ಒಲೆಯಲ್ಲಿ ಕುಚ್ಚಲಕ್ಕಿ ಇಟ್ಟು ಕೂತವರಿಗೆ, ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿ ಹತ್ತು ಹದಿನೈದು ಊರಿನ ಕೋಳಿ ಇಟ್ಟುಕೊಂಡವರ ಜೊತೆ ಇವತ್ತು ನನ್ನ ಮಾತು. ಸಾವಿರಗಟ್ಟಲೆ ಸಾಕುವವರಿಗೆ ಅವರದ್ದೇ ಡಾಕ್ಟರು ಇದ್ದಾರೆ.

ನನಗೆ ಬರುವ ಫೋನೆಲ್ಲ ಒಂದೇ ಥರ. "ಡಾಕ್ಟ್ರೇ, ಕೋಳಿ ತೂಕಡಿಸ್ತಾ ಉಂಟು, ಯಾವ ಮಾತ್ರೆ ಹಾಕಲಿ?" ನಾನು ಕೇಳುವುದೂ ಒಂದೇ. "ಹಿಕ್ಕೆ ಹೇಗಿದೆ?" ಆ ಕಡೆ ಮಾತೇ ಇಲ್ಲ. ಮುಖ ಸಿಂಡರಿಸಬೇಡಿ. ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಲ್ಲುವುದು ಎಲ್ಲ ಕಾಯಿಲೆಯಲ್ಲೂ ಇದ್ದದ್ದೇ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಕೆಳಗೆ ನೋಡಿ. ಕಂದು ಉಂಡೆ, ಮೇಲೆ ಬಿಳಿ ಟೋಪಿ ಇದ್ದರೆ ಕೋಳಿ ಸರಿ ಇದೆ. ನಡುನಡುವೆ ಒಂದು ಅಂಟಂಟಾಗಿ, ಜಾಸ್ತಿ ನಾರುತ್ತದೆ. ಅದೂ ಸರಿಯೇ, ಗಾಬರಿ ಬೇಡ. ಸೇಮಿಗೆ ಎಳೆಯಂಥದ್ದು ಕಂಡರೆ ಜಂತುಹುಳ. ಕೆಂಪು ಕಂಡರೆ ರಕ್ತಭೇದಿ. ಹಸಿರು ನೀರಾದರೆ, ಅದನ್ನು ಆಮೇಲೆ ಹೇಳುತ್ತೇನೆ.

ಒಂದು ಆಟಿ ತಿಂಗಳು. ಬ್ರಹ್ಮಾವರದ ಕಡೆ ಒಂದು ಮನೆ. ಆರು ವಾರದ ಮರಿಗಳು ಹದಿನಾಲ್ಕು ಇದ್ದವು, ಮೂರು ಸತ್ತಿದ್ದವು. ಮನೆಯ ಅಮ್ಮ ಅರಸಿನ, ಕರಿಮೆಣಸು ಅರೆದು ಕುಡಿಸಿದ್ದರು. ಆಮೇಲೆ ಮೊಮ್ಮಗನಿಗೆ ತಂದು ಉಳಿದಿದ್ದ ಆಂಟಿಬಯಾಟಿಕ್ ಸಿರಪ್. ಆಮೇಲೆ ದೈವಕ್ಕೊಂದು ಹರಕೆ. ಹರಕೆಯ ಬಗ್ಗೆ ನನ್ನ ತಕರಾರಿಲ್ಲ, ಸಿರಪ್ಪಿನ ಬಗ್ಗೆ ಇದೆ. ಗೂಡಿನೊಳಗೆ ಟಾರ್ಚ್ ಹಾಕಿದೆ. ಹಿಕ್ಕೆಯಲ್ಲಿ ರಕ್ತ. ಮೇಲೊಂದು ಹಂಚು ಒಡೆದು ನೀರು ಸೋರಿ, ಹಾಸಿದ ಮರದ ಹುಡಿ ಕೆಸರಾಗಿತ್ತು. ರಕ್ತಭೇದಿಯ ಜೀವಾಣು ಹಿಕ್ಕೆಯಲ್ಲೇ ಹೊರಗೆ ಬರುತ್ತದೆ. ಒದ್ದೆ, ಬೆಚ್ಚಗಿನ ಜಾಗ ಸಿಕ್ಕಿದರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ಮರಿ ಅದನ್ನೇ ಕುಕ್ಕುತ್ತದೆ. ನಮ್ಮ ಮಳೆಗಾಲ ಅದಕ್ಕೆ ಹಬ್ಬ.

ಆಂಪ್ರೋಲಿಯಂ ಪುಡಿ ಕೊಟ್ಟು, ನೀರಿಗೆ ಹಾಕಿ ಐದು ದಿನ ಕುಡಿಸಿ ಅಂದೆ. ಮೂರನೇ ದಿನ ಫೋನ್. ಇನ್ನೆರಡು ಹೋದವಂತೆ. ಇವರು ಸರಿಯಾಗಿ ಹಾಕಿಲ್ಲ ಅಂತ ನನಗೆ ಸಿಟ್ಟು. ಹೋಗಿ ನೋಡಿದರೆ ಅಮ್ಮ ಚಾಚೂ ತಪ್ಪದೆ ಹಾಕಿದ್ದಾರೆ. ಮರಿಗಳು ಮಾತ್ರ ಮಾಡಿನ ಕೆಳಗಿನ ಹೊಂಡದಲ್ಲಿ ಮಳೆನೀರು ಕುಡಿಯುತ್ತಿವೆ! ಮದ್ದಿನ ನೀರು ಬಿಟ್ಟು ಬೇರೆ ನೀರು ಸಿಗಬಾರದು ಅಂತ ಹೇಳಲು ನಾನೇ ಮರೆತಿದ್ದೆ. ಸಾಲದ್ದಕ್ಕೆ ಯಾರೋ ಹೇಳಿದರು ಅಂತ ವಿಟಮಿನ್ ಟಾನಿಕ್ ಬೇರೆ. ಆಂಪ್ರೋಲಿಯಂ ಅಂದರೆ ಬಿ-1 ವಿಟಮಿನ್ನಿನ ವೇಷ ಹಾಕಿ ಜೀವಾಣುವಿಗೆ ಮೋಸ ಮಾಡುವ ಮದ್ದು. ಅಸಲಿ ರಾಜನೇ ರಂಗಸ್ಥಳಕ್ಕೆ ಬಂದು ಕೂತರೆ ವೇಷಧಾರಿಗೆ ಏನು ಕೆಲಸ, ಅಲ್ವಾ? ಟಾನಿಕ್ ನಿಲ್ಲಿಸಿದೆವು. ಹಂಚು ಬದಲಾಯಿಸಿ, ಒಣ ಹುಡಿ ಹಾಸಿ, ಮರಿಗಳನ್ನು ಒಳಗೇ ಕೂಡಿಹಾಕಿದೆವು. ಒಂಬತ್ತು ಉಳಿದವು. ಮೊದಲ ದಿನವೇ ಹಿಕ್ಕೆ ನೋಡಿದ್ದರೆ ಇನ್ನಷ್ಟು ಉಳಿಯುತ್ತಿದ್ದವು. ಈಗ ಆ ಅಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರೂ ಮೊದಲು ಹಿಕ್ಕೆಯ ವರದಿ ಕೊಡುತ್ತಾರೆ, ಅದೂ ಗಟ್ಟಿ ಸ್ವರದಲ್ಲಿ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಹಸಿರಿನ ವಿಷಯ ಬೇಗ ಹೇಳುತ್ತೇನೆ. ಹಸಿರು ನೀರಿನಂಥ ಹಿಕ್ಕೆ, ಬಾಯಿ ತೆರೆದು ಉಸಿರು, ಕತ್ತು ತಿರುಚುವುದು. ಇದು ಕೊಕ್ಕರೆ ರೋಗ. ಡಾಕ್ಟರು ರಾಣಿಖೇತ್ ಅನ್ನುವುದೂ ಇದನ್ನೇ. ವೈರಸ್ ಕಾಯಿಲೆ, ಮದ್ದಿಲ್ಲ. ಸುಮ್ನೆ ಮಾತ್ರೆಗೆ ದುಡ್ಡು ಸುರಿಯಬೇಡಿ. ಬರುವ ಮೊದಲೇ ಲಸಿಕೆ ಹಾಕಿಸಿ. ಮರಿಗೆ 5ರಿಂದ 7 ದಿನದೊಳಗೆ ಕಣ್ಣಿಗೋ ಮೂಗಿಗೋ ಲಸೋಟ ಅನ್ನುವ ಲಸಿಕೆ ಒಂದು ಹನಿ. 8 ವಾರಕ್ಕೆ ಆರ್‌ಟೂಬಿ ಅನ್ನುವ ಇನ್ನೊಂದು ಲಸಿಕೆ, ರೆಕ್ಕೆಯ ಚರ್ಮದಡಿ. ಒಂದು ಬಾಟಲಿ ನೂರು ಕೋಳಿಗೆ ಸಾಕು. ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ನೆರೆಕರೆಯವರೆಲ್ಲ ಒಂದೇ ಸಂಜೆ ಸೇರಿ ಹಾಕಿಸಿ. ಕೋಳಿ ಅಂಕದಿಂದಲೋ ಸಂತೆಯಿಂದಲೋ ತಂದ ಕೋಳಿಯನ್ನು ಎರಡು ವಾರ ಬೇರೆ ಗೂಡಿನಲ್ಲಿಡಿ. ಅದರ ಹಿಕ್ಕೆಯನ್ನೂ ನೋಡಿ.

ಒಟ್ಟೊಟ್ಟಿಗೆ ಪಟಪಟನೆ ಸಾಯತೊಡಗಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಕಾಯಿಲೆಯಿಂದ ಸತ್ತ ಕೋಳಿಯನ್ನು ತೋಡಿಗೆ ಎಸೆಯಬೇಡಿ, ದಮ್ಮಯ್ಯ, ಗಸಿಯನ್ನೂ ಮಾಡಬೇಡಿ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹುಗಿಯಿರಿ. ಸಿಡುಬು, ಮೈ ಹೇನು ಎರಡೂ ಬಾಕಿಯಾದವು. ಇನ್ನೊಮ್ಮೆ ಕರೆದರೆ ಅಲ್ಲಿಂದಲೇ ಶುರು ಮಾಡುತ್ತೇನೆ. ನಮಸ್ಕಾರ.