ಡೈಮಂಡ್ ಹೆಡ್ ಮತ್ತು ಅದರ ಒಬ್ಬ ಅಭಿಮಾನಿ

ಸಂಗೀತಾಸಕ್ತರೇ,

ಅಬ್ಬರದ ಗಿಟಾರಿನ ರಾಕ್ ಸಂಗೀತವಾದ ಹೆವಿ ಮೆಟಲ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಐರನ್ ಮೇಡನ್, ಮೆಟಾಲಿಕಾ ಮೊದಲಾದ ನಾಲ್ಕೈದು ಹೆಸರುಗಳು. ಅಷ್ಟಾಗಿ ಹೆಸರಾಗದ ಬ್ಯಾಂಡುಗಳ ಬಗ್ಗೆ ಎರಡು ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಸತ್ವವಿದ್ದಿದ್ದರೆ ಅವು ತಾವಾಗಿಯೇ ಮೇಲೆ ಬರುತ್ತಿದ್ದವು ಎನ್ನುವವರು ಕೆಲವರು. ಪ್ರಸಿದ್ಧಿಗೆ ಬಾರದಿರುವುದೇ ಅಪ್ಪಟತನದ ಗುರುತು ಎನ್ನುವ ಕಟ್ಟಾ ಅಭಿಮಾನಿಗಳು ಇನ್ನು ಕೆಲವರು. ಈ ಎರಡನ್ನೂ ನಾನು ಒಪ್ಪುವುದಿಲ್ಲ. ಅದೇಕೆಂಬುದನ್ನು ಇಂಗ್ಲೆಂಡಿನ ಡೈಮಂಡ್ ಹೆಡ್ ಬ್ಯಾಂಡಿನ ಮೂಲಕ ಹೇಳಲು ಯತ್ನಿಸುತ್ತೇನೆ.

ಬರ್ಮಿಂಗ್‌ಹ್ಯಾಮ್‌ನಿಂದ ತುಸು ದೂರದ ಸ್ಟೌರ್‌ಬ್ರಿಜ್ ಎಂಬ ಊರಿನಲ್ಲಿ 1976ರಲ್ಲಿ ನಾಲ್ವರು ಹುಡುಗರು ಈ ಬ್ಯಾಂಡನ್ನು ಕಟ್ಟಿದರು. ಗಿಟಾರ್ ಬ್ರಯಾನ್ ಟ್ಯಾಟ್ಲರ್ ಅವರದು, ಗಾಯನ ಶಾನ್ ಹ್ಯಾರಿಸ್ ಅವರದು. ದೊಡ್ಡ ಕಂಪನಿಗಳು ಕೈಹಿಡಿಯದಿದ್ದಾಗ, 1980ರಲ್ಲಿ ತಮ್ಮ ಮೊದಲ ಆಲ್ಬಮ್ಮನ್ನು ತಾವೇ ಅಚ್ಚು ಹಾಕಿಸಿ, ಹೆಸರೂ ಇಲ್ಲದ ಬರೀ ಬಿಳಿ ಹೊದಿಕೆಯಲ್ಲಿಟ್ಟು, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅಂಚೆಯ ಮೂಲಕ ಮಾರಿದರು. ಗಾಯಕನ ತಾಯಿಯೇ ವ್ಯವಸ್ಥಾಪಕರಲ್ಲಿ ಒಬ್ಬರು.

ಆ ಆಲ್ಬಮ್ಮಿನ ‘ಆಮ್ ಐ ಈವಿಲ್?’ ಹಾಡನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಏಳೂವರೆ ನಿಮಿಷಕ್ಕೂ ಮಿಕ್ಕ ಈ ಹಾಡು ಇಂಗ್ಲಿಷ್ ಶಾಸ್ತ್ರೀಯ ಸಂಗೀತಕಾರ ಹೋಲ್ಸ್ಟ್ ಅವರ ‘ಮಾರ್ಸ್’ ಕೃತಿಯನ್ನು ನೆನಪಿಸುವ ಯುದ್ಧನಡಿಗೆಯಲ್ಲಿ ಶುರುವಾಗುತ್ತದೆ. ಬಳಿಕ ಒಂಟಿ ಗಿಟಾರಿನ ಓಟ, ಅದಾದ ಮೇಲೆ ಭಾರವಾದ ನಿಧಾನಗತಿಯ ರಿಫ್ (ಮತ್ತೆ ಮತ್ತೆ ಮರಳುವ ಗಿಟಾರಿನ ಸಣ್ಣ ನುಡಿ), ಕೊನೆಗೆ ಇದ್ದಕ್ಕಿದ್ದಂತೆ ದುಪ್ಪಟ್ಟಾಗುವ ವೇಗ. ಒಂದೇ ಹಾಡಿನೊಳಗೆ ಹಲವು ರಿಫ್‌ಗಳನ್ನು ಒಂದರ ಬೆನ್ನಿಗೊಂದು ಪೋಣಿಸುವ ಈ ಕಟ್ಟುವಿಕೆಯೇ ಮುಂದೆ ಥ್ರ್ಯಾಶ್ ಮೆಟಲ್ ಎಂಬ ಅತಿವೇಗದ ಮೆಟಲ್ ಪ್ರಕಾರದ ಬೆನ್ನೆಲುಬಾಯಿತು.

ಆಯಿತು ಹೇಗೆ? ಅದಕ್ಕೆ ಕಾರಣ ಒಬ್ಬ ಅಭಿಮಾನಿ. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಹದಿಹರೆಯದ ಲಾರ್ಸ್ ಉಲ್ರಿಚ್ 1981ರ ಬೇಸಿಗೆಯಲ್ಲಿ ಈ ಬ್ಯಾಂಡಿನ ಕಛೇರಿ ಕೇಳಲೆಂದೇ ಇಂಗ್ಲೆಂಡಿಗೆ ಬಂದು, ಕಛೇರಿ ಮುಗಿದ ಮೇಲೆ ಅವರನ್ನು ಪರಿಚಯ ಮಾಡಿಕೊಂಡು, ಅವರ ಮನೆಯಲ್ಲೇ ಹಲವು ದಿನ ಬೀಡುಬಿಟ್ಟರು. (ಇಂಥ ಅತಿಥಿಯನ್ನು ಸಹಿಸಿಕೊಂಡ ಮನೆಮಂದಿಗೆ ಮೆಟಲ್ ಚರಿತ್ರೆ ಇನ್ನೂ ಸರಿಯಾಗಿ ಕೃತಜ್ಞತೆ ಹೇಳಿಲ್ಲ.) ಅದೇ ವರ್ಷ ಉಲ್ರಿಚ್ ಮೆಟಾಲಿಕಾ ಕಟ್ಟಿದರು, 1984ರಲ್ಲಿ ‘ಆಮ್ ಐ ಈವಿಲ್?’ ಅನ್ನು ಆ ಬ್ಯಾಂಡ್ ತಾನೇ ನುಡಿಸಿ ಹೊರತಂದಿತು. ಮೂಲ ಬ್ಯಾಂಡು 1985ರಲ್ಲಿ ಚದುರಿಹೋದರೂ ಹಾಡು ಊರೂರು ಸುತ್ತಿತು.

ಅಭಿಮಾನದ ಮತ್ತೊಂದು ಮುಖವನ್ನೂ ಹೇಳಬೇಕು. 1983ರ ‘ಕ್ಯಾಂಟರ್ಬರಿ’ ಆಲ್ಬಮ್ಮಿನಲ್ಲಿ ಡೈಮಂಡ್ ಹೆಡ್ ತನ್ನ ಆರ್ಭಟವನ್ನು ತಗ್ಗಿಸಿ ಮಾಧುರ್ಯದ ಕಡೆಗೆ ಹೊರಳಿದಾಗ ಹಳೆಯ ಅಭಿಮಾನಿಗಳಲ್ಲಿ ಅನೇಕರು ಮುನಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಅದು ತೆಗೆದುಹಾಕುವಂಥ ಆಲ್ಬಮ್ ಅಲ್ಲ. ಯಾರಿಗೂ ಗೊತ್ತಿಲ್ಲದ ಬ್ಯಾಂಡನ್ನು ಮೊದಲು ಕಂಡುಕೊಂಡವನಿಗೆ ಅದು ತನ್ನ ಸ್ವಂತ ಆಸ್ತಿ ಎನ್ನಿಸತೊಡಗುತ್ತದೆ, ಅದರ ದಿಕ್ಕು ಬದಲಾದರೆ ಮೋಸಹೋದಂತೆ ಕೊರಗುತ್ತಾನೆ. ಹಾಗೆಂದು ಆ ಕಾಲದ ಅಜ್ಞಾತ ಬ್ಯಾಂಡುಗಳೆಲ್ಲ ಅನ್ಯಾಯಕ್ಕೆ ಒಳಗಾದವು ಎಂದೂ ಅಲ್ಲ. ಐರನ್ ಮೇಡನ್‌ನ ನೆರಳಿನಂತಿದ್ದ ಎಷ್ಟೋ ತಂಡಗಳು ಮರೆತುಹೋದದ್ದು ನ್ಯಾಯವೇ.

ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಬ್ಯಾಂಡು ಈ ಎಂಬತ್ತರ ದಶಕದ ಬ್ರಿಟಿಷ್ ಪರಂಪರೆಯಿಂದಲೇ ಉಸಿರು ಪಡೆದದ್ದು. 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಸಂಗೀತೋತ್ಸವದಲ್ಲಿ ನುಡಿಸಿದ ಈ ತಂಡದ ಆಲ್ಬಮ್ಮುಗಳನ್ನು 2016ರಿಂದ ಅಲ್ಲಿಯ ಎಎಫ್‌ಎಂ ರೆಕಾರ್ಡ್ಸ್ ಹೊರತರುತ್ತಿದೆ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್‌ಗೆ, 2011ರಲ್ಲಿ ಮೆಟಾಲಿಕಾಕ್ಕೆ ಕಿಕ್ಕಿರಿದು ಸೇರಿದ ನಮ್ಮವರಲ್ಲಿ ಎಷ್ಟು ಜನ ಕ್ರಿಪ್ಟೋಸ್‌ನ ಒಂದು ಆಲ್ಬಮ್ಮನ್ನಾದರೂ ಪೂರ್ತಿ ಕೇಳಿದ್ದಾರೆ? ಅದರ ಸಂಗೀತ ಹಳೆಯ ಜಾಡಿನದು ಎಂದು ಮೂಗು ಮುರಿಯುವವರಿದ್ದಾರೆ. ಆ ಟೀಕೆಯಲ್ಲಿ ಹುರುಳಿದೆ, ಆದರೆ ಟೀಕೆ ಕೇಳಿದ ಮೇಲೆ ಬರಬೇಕಾದದ್ದು.