ನಲ್ಲಿಯೋ, ತೂಬೋ?

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ವಾರ್ಡಿನಲ್ಲಿ ರಿಪೋರ್ಟ್ ಹಿಡಿದು ನಿಂತಿರುವ ಕಿರಿಯ ವೈದ್ಯರಿಗೆ, ನರ್ಸ್‌ಗಳಿಗೆ.

ರೋಗಿಯ ಮೂತ್ರಪಿಂಡ ದಿಢೀರನೆ ಕೈಕೊಟ್ಟಿದೆ. ರಿಪೋರ್ಟಿನಲ್ಲಿ ಅಮೈಲೇಸ್ ಜಾಸ್ತಿ, ಲಿವರ್ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ ಜಾಸ್ತಿ, ಎಲ್‌ಡಿಎಚ್ ಜಾಸ್ತಿ. ಮೂರೂ ಜೀವಕೋಶಗಳಿಂದ ರಕ್ತಕ್ಕೆ ಬರುವ ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು. ಲಿವರೂ ಹೋಯಿತು ಅಂತ ಗಾಬರಿಯಾಗಬೇಡಿ. ಬಚ್ಚಲಲ್ಲಿ ನೀರು ನಿಂತರೆ ಏನು ನೋಡುತ್ತೀರಿ? ನಲ್ಲಿ ಜೋರಾಗಿದೆಯೋ, ತೂಬು ಕಟ್ಟಿದೆಯೋ ಅಂತ. ಕಿಣ್ವದ ವಿಷಯದಲ್ಲೂ ಅದನ್ನೇ ಕೇಳಿ: ಕೋಶಗಳಿಂದ ಹೆಚ್ಚು ಸೋರುತ್ತಿದೆಯೋ, ಮೂತ್ರಪಿಂಡ ಹೊರಹಾಕುತ್ತಿಲ್ಲವೋ?

ತೂಬು ಕಟ್ಟಿದ್ದಕ್ಕೆ ಉದಾಹರಣೆ ಅಮೈಲೇಸ್, ಲೈಪೇಸ್‌ನಂತೆಯೇ ಮೇದೋಜೀರಕ ಗ್ರಂಥಿಯ ಕಿಣ್ವ. ಮೂತ್ರಪಿಂಡದಲ್ಲಿ ಸೋಸಿ ಹೋಗುವಷ್ಟು ಚಿಕ್ಕ ಅಣು ಅದು. ಸೋಸುವಿಕೆ ನಿಂತರೆ ಅಮೈಲೇಸ್, ಲೈಪೇಸ್ ಎರಡೂ ಮಿತಿಯ 2–3 ಪಟ್ಟಿನವರೆಗೆ ಏರುತ್ತವೆ, ಮೇದೋಜೀರಕ ಗ್ರಂಥಿ ಮಾತ್ರ ಚೆನ್ನಾಗಿಯೇ ಇರುತ್ತದೆ. 3 ಪಟ್ಟು ದಾಟಿ, ಬೆನ್ನಿಗೆ ಹರಿಯುವ ಹೊಟ್ಟೆನೋವೂ ಇದ್ದರೆ ಆಗ ಪ್ಯಾಂಕ್ರಿಯಾಟೈಟಿಸ್, ಅಂದರೆ ಆ ಗ್ರಂಥಿಯ ಉರಿಯೂತ ಅನ್ನಿ.

ಇನ್ನು ನಲ್ಲಿ. ಇದರ ಕಥೆ ಹೇಳಲೇಬೇಕು. 1940–41, ಲಂಡನ್ನಿನ ಮೇಲೆ ಬಾಂಬ್ ಸುರಿಯುತ್ತಿದ್ದ ಕಾಲ. ಕುಸಿದ ಕಟ್ಟಡಗಳಡಿ ಕಾಲು ಸಿಕ್ಕಿಕೊಂಡು ಗಂಟೆಗಟ್ಟಲೆ ಬಿದ್ದಿದ್ದವರನ್ನು ಹೊರಗೆ ತೆಗೆದಾಗ ಚೆನ್ನಾಗಿಯೇ ಕಾಣುತ್ತಿದ್ದರು. ಆಮೇಲೆ ಕಾಲು ಊದಿ ಬಿಗಿಯುತ್ತಿತ್ತು, ರಕ್ತದೊತ್ತಡ ಬೀಳುತ್ತಿತ್ತು, ಮೂತ್ರ ಕಪ್ಪಾಗಿ ಕಡಿಮೆಯಾಗುತ್ತಿತ್ತು. ಹಲವರಿಗೆ ವಾರದೊಳಗೆ ಸಾವು. ವೈದ್ಯರಾದ ಬೈವಾಟರ್ಸ್ ಮತ್ತು ಬೀಲ್ 1941ರಲ್ಲಿ ಇಂಥ ನಾಲ್ವರ ವಿವರ ಪ್ರಕಟಿಸಿದರು. ಮೂತ್ರಪಿಂಡದ ಸೂಕ್ಷ್ಮನಾಳಗಳಲ್ಲಿ ಕಂದು ಬಣ್ಣದ ಹೆಪ್ಪುಗಳು! ಜಜ್ಜಿಹೋದದ್ದು ಕಾಲು, ಕೆಟ್ಟದ್ದು ಮೂತ್ರಪಿಂಡ. ಸ್ನಾಯುವಿನಿಂದ ಸೋರಿದ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಅಲ್ಲಿ ಹೋಗಿ ಕೂತಿತ್ತು.

ಅದರ ಜೊತೆಗೇ ಸೋರುವ ಕಿಣ್ವ ಕ್ರಿಯಾಟಿನ್ ಕೈನೇಸ್, ಅಂದರೆ ಸಿಕೆ. ಅವರಿಗೆ ಆ ಪರೀಕ್ಷೆ ಇರಲಿಲ್ಲ. ನಮಗಿದೆ, ಆದರೂ ಬರೆಯದೆ ಬಿಡುತ್ತೇವಲ್ಲ, ಅದೇ ಸಂಕಟ. ಸಿಕೆ ಮೂತ್ರಪಿಂಡದ ಮೂಲಕ ಹೊರಹೋಗುವುದೇ ಇಲ್ಲ. ಹಾಗಾಗಿ ಅದು ಏರಿದರೆ ತೂಬಿನ ಮಾತೇ ಇಲ್ಲ, ನಲ್ಲಿಯೇ. 200ರ ಆಸುಪಾಸು ಮಾಮೂಲು. 5,000 ಯೂನಿಟ್ ದಾಟಿದರೆ ಮೂತ್ರಪಿಂಡಕ್ಕೆ ಅಪಾಯ. ಲಕ್ಷ ಮುಟ್ಟುವುದೂ ಉಂಟು. 1ರಿಂದ 3 ದಿನದಲ್ಲಿ ತುದಿ ಮುಟ್ಟಿ, ಆಮೇಲೆ ದಿನಕ್ಕೆ ಶೇ. 40ರಷ್ಟು ಇಳಿಯಬೇಕು. ಇಳಿಯಲಿಲ್ಲವೇ? ನಲ್ಲಿ ಇನ್ನೂ ತೆರೆದಿದೆ. ಕಾಲು ಮುಟ್ಟಿ ನೋಡಿ. ಕಲ್ಲಿನಂತೆ ಬಿಗಿದಿದ್ದರೆ ಒಳಗಿನ ಒತ್ತಡಕ್ಕೆ ಸ್ನಾಯು ಸಾಯುತ್ತಲೇ ಇದೆ, ಸರ್ಜನ್ನರನ್ನು ಕರೆಯಿರಿ.

ಮೂತ್ರ ಚಹಾ ಬಣ್ಣಕ್ಕಿದ್ದು, ಪರೀಕ್ಷಾ ಪಟ್ಟಿ ರಕ್ತ ತೋರಿಸಿ, ಸೂಕ್ಷ್ಮದರ್ಶಕದಲ್ಲಿ ಕೆಂಪುಕಣ ಕಾಣದಿದ್ದರೆ ಆ ಗಳಿಗೆಯಲ್ಲೇ ಸಿಕೆ ಕಳಿಸಿ; ಪಟ್ಟಿ ಮಯೋಗ್ಲೋಬಿನ್ ಅನ್ನೂ ರಕ್ತವೆಂದೇ ತೋರಿಸುತ್ತದೆ. ಚೀಟಿಯಲ್ಲಿ ಬಿಡಿಸಿ ಬರೆಯಿರಿ, ಮೂತ್ರಪಿಂಡದ ಪರೀಕ್ಷೆಯಾದ ಕ್ರಿಯಾಟಿನಿನ್ ಬೇರೆ, ಕ್ರಿಯಾಟಿನ್ ಕೈನೇಸ್ ಬೇರೆ. ಎಸ್‌ಜಿಒಟಿ ಸ್ನಾಯುವಿನಲ್ಲೂ ಇದೆ. ಸಿಕೆ ಜೊತೆ ಅದೂ ಏರಿ, ಲಿವರಿನ ಇತರ ಪರೀಕ್ಷೆಗಳಾದ ಜಿಜಿಟಿ ಮತ್ತು ಬಿಲಿರುಬಿನ್ ಸರಿಯಿದ್ದರೆ ಲಿವರಿನ ತಪ್ಪಿಲ್ಲ.

ಸಮಯ ಮುಗಿಯುತ್ತಾ ಬಂತು, ಬಹುತೇಕ ಎಲ್ಲ ಕೋಶಗಳಲ್ಲೂ ಇರುವ ಎಲ್‌ಡಿಎಚ್ ಬಗ್ಗೆ ಎರಡೇ ಮಾತು. ಅದೊಂದೇ ವಿಪರೀತ ಏರಿ ಪಕ್ಕೆ ನೋಯುತ್ತಿದ್ದರೆ ಮೂತ್ರಪಿಂಡದ ರಕ್ತನಾಳ ಮುಚ್ಚಿರಬಹುದು. ಪ್ಲೇಟ್‌ಲೆಟ್ ಕುಸಿದಿದ್ದರೆ ಕೆಂಪುಕಣಗಳು ಒಡೆಯುತ್ತಿರಬಹುದು. ಸಿರಿಂಜ್ ಜೋರಾಗಿ ಎಳೆದರೂ ಕಣ ಒಡೆಯುತ್ತವೆ, ಆಗ ಎಲ್‌ಡಿಎಚ್, ಪೊಟ್ಯಾಸಿಯಂ ಎರಡೂ ಸುಳ್ಳು ಲೆಕ್ಕ ಕೊಡುತ್ತವೆ. ಸೀರಮ್ ಗುಲಾಬಿ ಬಣ್ಣಕ್ಕಿದೆ ಅಂತ ಲ್ಯಾಬಿನವರು ಹೇಳಿದರೆ ವಾದಿಸದೆ ಮತ್ತೊಮ್ಮೆ ರಕ್ತ ತೆಗೆಯಿರಿ. ನಮಸ್ಕಾರ.