ಯಾವ ಪಾಡ್‌ಕಾಸ್ಟಿಗೆ ಕಿವಿಗೊಡೋಣ?

ಕೇಳುಗರೆ, ನಮಸ್ಕಾರ.

ವಿಚಾರ ಮಾಡಿಯೇ ಒಪ್ಪುವ ಸ್ವಭಾವದವರು ಪಾಡ್‌ಕಾಸ್ಟ್ ಕೇಳಲು ಹೊರಟಾಗ ಎಡವುವುದು ಹುಡುಕುವ ಹಂತದಲ್ಲೇ. ಯೂಟ್ಯೂಬಿನಲ್ಲಿ ಒಂದು ಕಂತು ಮುಗಿದೊಡನೆ ಅದೇ ಧಾಟಿಯ ಇನ್ನೊಂದು ತಾನಾಗಿ ಶುರುವಾಗುತ್ತದೆ. ನಾಲ್ಕನೆಯದು ಬರುವಷ್ಟರಲ್ಲಿ, ನಮ್ಮ ಅಭಿಪ್ರಾಯಕ್ಕೆ ಹೂಂಗುಟ್ಟುವವರ ಮಾತಷ್ಟೇ ಕಿವಿಗೆ ಬೀಳುತ್ತಿರುತ್ತದೆ.

ಆದ್ದರಿಂದ ಹೊಸ ಕಾರ್ಯಕ್ರಮವೊಂದನ್ನು ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲೇ ಪರೀಕ್ಷಿಸಿ. ಅಡಿಕೆ ಬೆಳೆಯುವವರು ಅದರ ಕೃಷಿ ಕಂತನ್ನು, ನರ್ಸ್ ಆಗಿರುವವರು ಲಸಿಕೆಯ ಕಂತನ್ನು ಮೊದಲು ಕೇಳಲಿ. ನಿಮಗೆ ಗೊತ್ತಿರುವಲ್ಲೇ ನಾಲ್ಕು ತಪ್ಪು ಸಿಕ್ಕರೆ, ಗೊತ್ತಿಲ್ಲದ ಕಡೆ ಅವರನ್ನು ನಂಬಲು ಆಧಾರವಿಲ್ಲ. ಬಹಳ ಮಂದಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ: ಗೊತ್ತಿಲ್ಲದ ವಿಷಯ ಕೇಳಿ ಬೆರಗಾಗಿ, ಆ ಬೆರಗನ್ನೇ ಗುಣಮಟ್ಟ ಎಂದುಕೊಳ್ಳುತ್ತಾರೆ.

ಆಮೇಲೆ ನಿರೂಪಕರ ಪ್ರಶ್ನೆಗಳನ್ನು ಗಮನಿಸಿ. 'ಈ ಆಹಾರದಿಂದ ಅಪಾಯ ಎರಡು ಪಟ್ಟು' ಎಂದು ಅತಿಥಿ ಹೇಳಿದಾಗ, ಒಳ್ಳೆಯ ನಿರೂಪಕ 'ಎಷ್ಟರ ಎರಡು ಪಟ್ಟು?' ಎಂದು ಕೇಳಿಯೇ ಕೇಳುತ್ತಾರೆ. ಹತ್ತು ಸಾವಿರಕ್ಕೆ ಒಬ್ಬರಿಂದ ಇಬ್ಬರಿಗೆ ಏರಿದರೂ ಎರಡು ಪಟ್ಟೇ, ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕೆ ಏರಿದರೂ ಎರಡು ಪಟ್ಟೇ. ಈ ಅಭ್ಯಾಸ ಬೆಳೆಸಿಕೊಳ್ಳಲು ಟಿಮ್ ಹಾರ್ಫರ್ಡ್ ನಡೆಸಿಕೊಡುವ, ಬಿಬಿಸಿಯ 'ಮೋರ್ ಆರ್ ಲೆಸ್'ಗಿಂತ ಒಳ್ಳೆಯ ಪಾಠಶಾಲೆ ಕಡಿಮೆ. ಸುದ್ದಿಯಲ್ಲಿ ಬಂದ ಅಂಕಿಗಳನ್ನು ಒರೆಗೆ ಹಚ್ಚುವುದೇ ಅದರ ಕೆಲಸ.

ಒಂದೇ ವಿಷಯದ ಆಳಕ್ಕಿಳಿಯಬೇಕೆ? 1998ರಲ್ಲಿ ಮೆಲ್ವಿನ್ ಬ್ರ್ಯಾಗ್ ಶುರುಮಾಡಿದ, ಬಿಬಿಸಿಯದೇ ಆದ 'ಇನ್ ಅವರ್ ಟೈಮ್' ಇದೆ. ಸಾಮಾನ್ಯವಾಗಿ ಮೂವರು ವಿದ್ವಾಂಸರು, ಮುಕ್ಕಾಲು ಗಂಟೆ, ಜೊತೆಗೊಂದು ಓದುಪಟ್ಟಿ. ಮೂವರಿರುವುದರ ಲಾಭವೆಂದರೆ ಒಬ್ಬರ ಮಾತನ್ನು ಇನ್ನೊಬ್ಬರು ಅಲ್ಲೇ ತಿದ್ದುತ್ತಾರೆ. ನಂಬಿಕೆಗಳನ್ನು ಹೇಗೆ ಬದಲಿಸಿಕೊಳ್ಳುವುದು ಎಂಬ ಕುತೂಹಲವಿದ್ದರೆ ಜೂಲಿಯಾ ಗೇಲೆಫ್ ಅವರ 'ರ್‍ಯಾಷನಲಿ ಸ್ಪೀಕಿಂಗ್'ನ ಹಳೆಯ ಕಂತುಗಳನ್ನು ಹುಡುಕಿ. ಭಾರತದ ಸಮಾಜ, ಅರ್ಥನೀತಿಗೆ ಅಮಿತ್ ವರ್ಮಾ ಅವರ 'ದ ಸೀನ್ ಅಂಡ್ ದ ಅನ್‌ಸೀನ್' ಇದೆ. ಅದರ ಕಂತುಗಳು ಹಲವು ಗಂಟೆಗಳವರೆಗೂ ಸಾಗುವುದರಿಂದ ತುಂಡುತುಂಡಾಗಿ ಕೇಳಿ. ಕನ್ನಡದಲ್ಲಿ 'ತಲೆ-ಹರಟೆ' ಇದೆ. ನಮ್ಮ ಭಾಷೆಯಲ್ಲಿ ಸಾವಧಾನದಿಂದ ನಡೆಯುವ ಇಂಥ ಚರ್ಚೆಗಳು ಇನ್ನೂ ಬಹಳ ಬೇಕು.

ಕೇಳಲು ಆಂಡ್ರಾಯ್ಡ್ ಫೋನಿನಲ್ಲಿ 'ಆಂಟೆನಾಪಾಡ್' ಎಂಬ ಆ್ಯಪ್ ಸಾಕು: ಉಚಿತ, ಜಾಹೀರಾತಿಲ್ಲ, ಖಾತೆ ತೆರೆಯಬೇಕಿಲ್ಲ. ಚಂದಾದಾರರಾದ ಕಾರ್ಯಕ್ರಮಗಳಷ್ಟೇ ಅದರ ಮುಖಪುಟದಲ್ಲಿ ಕಾಣುತ್ತವೆ. ತಾನಾಗಿ ಡೌನ್‌ಲೋಡ್ ಆಗುವಂತಿದ್ದರೆ ಅದನ್ನು ನಿಲ್ಲಿಸಿ, ಇಲ್ಲವಾದರೆ ಫೋನು ತುಂಬಿಹೋಗುತ್ತದೆ. ಸೆಕೆಂಡಿಗೆ 128 ಕಿಲೊಬಿಟ್ ಗುಣಮಟ್ಟದ ಒಂದು ಗಂಟೆಯ ಮಾತಿಗೆ ಸುಮಾರು 58 ಎಂಬಿ ಬೇಕು. ವೇಗವನ್ನು 1.25ಕ್ಕಿಂತ ಏರಿಸಬೇಡಿ. ವಾದದ ಕೊಂಡಿಗಳು ಕಳಚುವುದೇ ಅವಸರದಲ್ಲಿ.

ಆರಂಭಕ್ಕೆ ಮೂರು ಕಾರ್ಯಕ್ರಮ ಸಾಕು. ಪ್ರತಿ ಕಂತು ಮುಗಿದ ಮೇಲೆ, ಮುಂದಿನದನ್ನು ಒತ್ತುವ ಮೊದಲು, ಎರಡು ಸಾಲು ಬರೆದಿಡಿ: ಅವರು ಹೇಳಿದ್ದೇನು, ಅದಕ್ಕೆ ಕೊಟ್ಟ ಆಧಾರವೇನು. ಸತತ ಮೂರು ಕಂತುಗಳಲ್ಲಿ ಎರಡನೆಯ ಸಾಲು ಖಾಲಿ ಉಳಿದರೆ ಆ ಕಾರ್ಯಕ್ರಮದ ಚಂದಾ ತೆಗೆದುಹಾಕಿ, ಆ ಜಾಗಕ್ಕೆ ಬೇರೊಂದನ್ನು ಪರೀಕ್ಷೆಗೆ ತನ್ನಿ.

ನಮಸ್ಕಾರ.